ಇನ್ನೂರ ಹದಿನಾಲ್ಕನೇ ಬಾಬತ್ತು

ನನ್ನ ಅಂಗಡಿಯ ಪಕ್ಕದ ಟೈಲರ್ ಮೊನ್ನೆ ಉಯಿಲು ಬರೆಸಿಕೊಂಡು ಬಂದವನೇ ಸಿಂಹಾಸನ ತ್ಯಜಿಸಲಿರುವ ಚಕ್ರವರ್ತಿಯಂತೆ ಓಡಾಡತೊಡಗಿದ. ಎರಡು ಹೊಲಿಗೆ ಯಂತ್ರದ ಒಡೆಯನಿಗೇ ಇಷ್ಟು ಗತ್ತು. ಹಾಗಾದರೆ ನಲವತ್ತು ವರ್ಷ ಊರವರ ಕಾಲವನ್ನೇ ರಿಪೇರಿ ಮಾಡಿದ ಗಡಿಯಾರದವನಿಗೆ ಎಷ್ಟಿರಬೇಡ? ನಾನೂ ಒಂದು ಉಯಿಲು ಬರೆದೇ ಬಿಡುವುದೆಂದು ನಿರ್ಧರಿಸಿದೆ. ಹೆಂಡತಿಗೆ ಹೇಳಲಿಲ್ಲ. (ಹೇಳಿದ್ದರೆ ಅದು ಅವಳ ನಿರ್ಧಾರವಾಗಿಬಿಡುತ್ತಿತ್ತು.)

ಉಯಿಲಿಗೆ ಮೊದಲು ಆಸ್ತಿಯ ಪಟ್ಟಿ ಬೇಕಂತೆ. ಭಾನುವಾರ ಅವಳು ಮಾರ್ಕೆಟ್ಟಿಗೆ ಹೋದದ್ದೇ ತಡ, ಪೆನ್ನು ಹಿಡಿದು ನಡುಮನೆಯಿಂದ ಶುರು ಮಾಡಿದೆ. ನನ್ನ ಕುರ್ಚಿ ಯಾವ ಮರದ್ದೆಂದು ನೋಡಲು ಮಗುಚಿದರೆ ತಳದಲ್ಲಿ ಒಂದು ಪುಟ್ಟ ಚೀಟಿ: ‘೧೭. ಮಗನಿಗೆ. ಎಡಗಾಲು ಅಲ್ಲಾಡುತ್ತದೆ.’ ಗೋಡೆ ಗಡಿಯಾರ ಇಳಿಸಿದೆ: ‘೩೧. ಮಗಳಿಗೆ. ಅಪ್ಪನ ಕೈಗೆ ಕೊಡಬೇಡ.’ ಕನ್ನಡಿ, ಕಪಾಟು, ಇಸ್ತ್ರಿ ಪೆಟ್ಟಿಗೆ, ಎಲ್ಲದರ ಬೆನ್ನಿಗೂ ಅದೇ ದುಂಡು ಅಕ್ಷರದ ಚೀಟಿ ಅಂಟಿತ್ತು.

ನನ್ನವಳು ಮೂವತ್ತು ವರ್ಷ ಆಸ್ಪತ್ರೆಯೊಂದರ ಉಗ್ರಾಣ ನೋಡಿಕೊಂಡು ನಿವೃತ್ತಳಾದವಳು. ಅವಳ ಕಣ್ತಪ್ಪಿಸಿ ಒಂದು ಸೂಜಿಯೂ ಹೊರಗೆ ಹೋದದ್ದಿಲ್ಲವೆಂದು ಕೇಳಿದ್ದೆ, ನಂಬಿರಲಿಲ್ಲ. ಈಗ ನಿಜಕ್ಕೂ ಬೆರಗಾದೆ. ದಿನಾ ಕೂತೇಳುವ ಕುರ್ಚಿಯ ಕಾಲು ಅಲ್ಲಾಡುವುದು ನನಗೇ ಗೊತ್ತಿರಲಿಲ್ಲ. ಸಕ್ಕರೆ ಡಬ್ಬಿಯ ತಳದಲ್ಲಿ ‘ಸೊಸೆಗೆ. ಮುಚ್ಚಳ ಒತ್ತಿ ತಿರುಗಿಸಬೇಕು’ ಎಂದಿತ್ತು. ಒಬ್ಬಳ ತಲೆಯಲ್ಲಿ ಒಂದಿಡೀ ಮನೆ ಇಷ್ಟು ಸ್ಪಷ್ಟವಾಗಿ ಕೂತಿರಲು ಸಾಧ್ಯವೇ ಎಂದು ಡಬ್ಬಿ ಹಿಡಿದುಕೊಂಡೇ ನಿಂತುಬಿಟ್ಟೆ. (ಎರಡು ಚಮಚ ಬಾಯಿಗೆ ಹಾಕಿಕೊಂಡದ್ದು ಬೇರೆ ವಿಷಯ.)

ಆಮೇಲೆ ತಲೆಯಲ್ಲಿ ಒಂದು ಹುಳ ಹೊಕ್ಕಿತು. ನನ್ನ ಹೆಸರಿನ ಚೀಟಿ ಎಲ್ಲಿ? ಮಂಚದಡಿ ತೆವಳಿದೆ, ಅಟ್ಟ ಹತ್ತಿದೆ. ಕೊಡೆ ಅವಳ ತಂಗಿಗೆ, ಏಣಿ ಪಕ್ಕದ ಮನೆ ಮೇಷ್ಟ್ರಿಗೆ. (ಅದು ಹೇಗೂ ಅವರ ಮನೆಯಲ್ಲೇ ಇರುತ್ತದೆ, ಚೀಟಿ ನೋಡಲೆಂದೇ ಹೋಗಿ ಕೇಳಿ ತಂದೆ.) ನನಗೆ ಮಾತ್ರ ಒಂದು ಚಮಚವೂ ಇಲ್ಲ. ಮೂವತ್ತೆಂಟು ವರ್ಷದ ಸಂಸಾರ. ತಮಾಷೆಯಲ್ಲ.

ಅವಳು ಚೀಲ ಕೆಳಗಿಡುವ ಮೊದಲೇ ಕೇಳಿಬಿಟ್ಟೆ. ಅವಳೇನೂ ಬೆಚ್ಚಲಿಲ್ಲ. ಗಡಿಯಾರ ಯಾಕೆ ವಾರೆಯಾಗಿದೆ ಎಂದು ವಿಚಾರಿಸಿ, ಅದನ್ನು ನೆಟ್ಟಗೆ ಮಾಡಿ, ಕಪಾಟಿನಿಂದ ಒಂದು ದಪ್ಪ ಪುಸ್ತಕವನ್ನೂ ಅದರೊಳಗಿದ್ದ ಕಾಗದವನ್ನೂ ತಂದು ಮುಂದಿಟ್ಟಳು. ಕಾಗದ ಅವಳ ಉಯಿಲು; ಬರೆಸಿ ಆಗಲೇ ನಾಲ್ಕು ವರ್ಷವಾಗಿತ್ತು. ಪುಸ್ತಕದಲ್ಲಿ ಮನೆಯ ಸಕಲ ಚರಾಚರ ವಸ್ತುಗಳ ಪಟ್ಟಿ. ಚರ ವಸ್ತು ಒಂದೇ ಇತ್ತು, ಕೊನೆಯಲ್ಲಿ:

‘ಬಾಬತ್ತು ೨೧೪. ಯಜಮಾನರು, ಒಂದು. ಸ್ಥಿತಿ: ಸಾಧಾರಣ. ಮಗಳಿಗೆ. ಎಷ್ಟು ಕೇಳಿದರೂ ಕಾಫಿಗೆ ಅರ್ಧ ಚಮಚ ಸಕ್ಕರೆ. ಮೊಣಕಾಲು ನೋವೆಂದು ಬಾಯಿಬಿಟ್ಟು ಹೇಳುವುದಿಲ್ಲ. ಮೆಟ್ಟಿಲ ಹತ್ತಿರ ಸುಮ್ಮನೆ ನಿಂತರೆ ತಿಳಿದುಕೊಳ್ಳಬೇಕು.’

ಅದನ್ನು ಎರಡು ಸಲ ಓದಿದೆ. ಮೊಣಕಾಲಿನ ಗುಟ್ಟು ನಾನು ಡಾಕ್ಟರಿಗೂ ಹೇಳಿರಲಿಲ್ಲ. ಆದರೂ ದುಃಖ ದುಃಖವೇ.

“ಎಲ್ಲರಿಗೂ ಇದೆ, ನನಗೇನೂ ಇಲ್ವಲ್ಲ,” ಎಂದೆ. ದನಿ ಕೇಳಿ ನನಗೇ ಅಯ್ಯೋ ಪಾಪ ಎನಿಸಿತು.

“ಹೇಗೆ ಬರೆಯೋಕಾಗುತ್ತೆ? ಸಾಕ್ಷಿ ಹಾಕಿದವರಿಗೇ ಪಾಲು ಬರೆದರೆ ಅದು ನಿಲ್ಲಲ್ಲ ಅಂದ್ರು ವಕೀಲರು. ಕೆಳಗೆ ನೋಡಿ.”

ನೋಡಿದೆ. ವಕೀಲರ ಗುಮಾಸ್ತನ ಸಹಿಯ ಪಕ್ಕದಲ್ಲೇ ನನ್ನ ಸಹಿ, ಬಾಲ ಸಮೇತ. ಆಗ ನೆನಪಾಯಿತು. ಆವತ್ತು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಕರುಳು ಹರವಿಕೊಂಡು ಕೂತಿದ್ದೆ. ಅವಳು ಕಾಗದ ಹಿಡಿದು “ಇಲ್ಲಿ” ಎಂದಿದ್ದಳು. ಗ್ಯಾಸಿನ ಫಾರಂ ಇರಬೇಕೆಂದು ಹಾಕಿದ್ದೆ.

“ಪಕ್ಕದ ಮನೆ ಮೇಷ್ಟ್ರನ್ನ ಕರೀಬಹುದಿತ್ತಲ್ಲ.”

“ಅವರು ಓದಿ ಸಹಿ ಹಾಕೋರು,” ಎಂದಳು.

ಇದಕ್ಕೆ ಉತ್ತರ ನನ್ನ ಉಯಿಲಿನಲ್ಲೇ ಕೊಡುತ್ತೇನೆಂದು ಪಣತೊಟ್ಟೆ. ಮಧ್ಯಾಹ್ನವೇ ಕೂತು, ಮನೆಯ ನನ್ನ ಅರ್ಧ ಭಾಗ, ಅಂಗಡಿ, ಮಸೂರ, ಚಿಮಟ, ಎಲ್ಲವನ್ನೂ ‘ನನ್ನ ಸಹಧರ್ಮಿಣಿಗೆ, ಸಂತೋಷಪೂರ್ವಕವಾಗಿ’ ಎಂದು ಬರೆದೆ. ಟೈಲರನನ್ನು ಮನೆಗೇ ಕರೆತಂದೆ. ಅವನೆದುರು ನಾನು ರುಜು ಮಾಡಿದೆ, ಅವನು ಒಂದು ಸಾಕ್ಷಿ ಹಾಕಿದ. ಇನ್ನೊಂದಕ್ಕೆ ಮೇಷ್ಟ್ರನ್ನು ಕರೆಯುವ ಮುನ್ನ, ಅವಳು ಓದಿ ನಾಚಿಕೊಳ್ಳಲಿ ಎಂದು ಕಾಗದವನ್ನು ಅವಳ ಮುಂದಿಟ್ಟೆ.

ಅವಳು ಬೀನ್ಸಿನ ನಾರು ತೆಗೆಯುತ್ತಿದ್ದಳು. ಕೈ ಒರೆಸಿಕೊಂಡಳು, ನನ್ನ ಜೇಬಿನ ಪೆನ್ನು ತೆಗೆದಳು, ಎರಡನೇ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿಬಿಟ್ಟಳು. ಒಂದಕ್ಷರವನ್ನೂ ಓದಲಿಲ್ಲ. ಬೆಂಕಿಪೊಟ್ಟಣವನ್ನೂ ಹಿಂದೆ ಮುಂದೆ ಓದದೆ ಕೊಳ್ಳದವಳು ಇವಳು.

“ಏನ್ ಮಾಡಿದೆ ನೀನು? ಎಲ್ಲಾ ನಿನಗೇ ಬರೆದಿದ್ದೆ. ಈಗ ನಿನಗೇನೂ ಬರಲ್ಲ.”

“ಗೊತ್ತು. ನೀವು ಇನ್ನೇನು ಬರೀತೀರಿ? ಅದಕ್ಕೇ ಹಾಕಿದ್ದು.” ಅವಳು ಮತ್ತೆ ಬೀನ್ಸ್ ಕೈಗೆತ್ತಿಕೊಂಡಳು. ದನಿ ಯಾಕೋ ತಗ್ಗಿತ್ತು. “ನನಗಿಂತ ಮೊದಲು ಹೋಗೋ ಯೋಚನೆ ಬಿಡಿ. ನಿಮ್ಮನ್ನ ಮಗಳ ಹೆಸರಿಗೆ ಬರೆದಾಗಿದೆ. ಪುಸ್ತಕ ತಿದ್ದೋಕೆ ನನ್ನ ಕೈಲಾಗಲ್ಲ.”

ಟೈಲರ್ ಮೆಲ್ಲಗೆ ಚಪ್ಪಲಿ ಹುಡುಕಿಕೊಂಡ. ನನಗೆ ಏನಾದರೂ ಮಾಡಲೇಬೇಕೆನಿಸಿ ಎದ್ದು ಹೋಗಿ ಕುರ್ಚಿಯ ಎಡಗಾಲನ್ನು ಬಿಗಿ ಮಾಡಿದೆ.

ಸಂಜೆ ಮಗುಚಿ ನೋಡಿದರೆ, ಚೀಟಿಯಲ್ಲಿ ಎಡಗಾಲಿನ ಮಾತಿಗೆ ಗೆರೆ ಎಳೆದು ಕೆಳಗೆ ಬರೆದಿದ್ದಳು: ‘ಈಗ ಬಲಗಾಲು ಅಲ್ಲಾಡುತ್ತದೆ.’