ಆರೂವರೆ ಪರದೆ

ಮಕ್ಕಳಿಗೆ ಭಾಗಾಕಾರ ಕಲಿಸಿದ ತಂದೆಯರಿಗೆ ಸ್ವರ್ಗದಲ್ಲಿ ಪ್ರತ್ಯೇಕ ಆಸನದ ವ್ಯವಸ್ಥೆ ಇರಲೇಬೇಕು. ಇಹದಲ್ಲಂತೂ ಅವರಿಗೆ ಕೂರಲು ಜಾಗವಿಲ್ಲ. ಮಗಳನ್ನು ಟ್ಯೂಷನ್ನಿನಿಂದ ಬಿಡಿಸಿ, “ಇನ್ನು ಗಣಿತದ ಹೊಣೆ ನನ್ನದು” ಎಂದು ಊಟದ ಮೇಜಿನ ಮುಂದೆ ಘೋಷಿಸಿದವನು ನಾನೇ. (ಘೋಷಣೆಗೆ ಮುನ್ನ ಪುಸ್ತಕ ತೆರೆದು ನೋಡುವ ವಿವೇಕ ಯಾವ ಘೋಷಕನಿಗೆ ತಾನೇ ಇರುತ್ತದೆ?) ಹೆಂಡತಿ ಒಂದೇ ಷರತ್ತು ವಿಧಿಸಿದಳು: ಮಗಳು ಪರೀಕ್ಷೆಯಲ್ಲಿ ಎಡವಿದರೆ, ಈ ಮನೆಯ ಯಾವ ಲೆಕ್ಕಕ್ಕೂ ನಾನು ಬಾಯಿ ಹಾಕಕೂಡದು.

ಮೊದಲ ಪ್ರಶ್ನೆ: ಹದಿಮೂರು ಮಕ್ಕಳು, ವ್ಯಾನಿಗೆ ನಾಲ್ವರಂತೆ ಎಷ್ಟು ವ್ಯಾನು ಬೇಕು?

“ಮೂರು, ಶೇಷ ಒಂದು,” ಎಂದಳು ಮಗಳು.

“ಶೇಷ ಅಂತ ಬರೆದು ಕೈ ತೊಳ್ಕೊಳ್ಳೋದು ಸೋಮಾರಿಗಳ ಕೆಲಸ. ಆ ಒಂದನ್ನೂ ನಾಲ್ಕು ಭಾಗ ಮಾಡು. ಮೂರೂಕಾಲು. ಬರಿ.”

“ಕಾಲು ವ್ಯಾನಿಗೆ ಚಕ್ರ ಒಂದೇನಾ ಅಪ್ಪಾ?”

“ಲೆಕ್ಕದಲ್ಲಿ ಚಕ್ರ ನೋಡಬಾರದು!”

ಒಳಗೆ ಹೊಲಿಗೆ ಯಂತ್ರ ನಿಂತಿತು. “ರೀ, ನಾಲ್ಕು ವ್ಯಾನು ಅಂತ ಹೇಳಿ ಮುಗಿಸಿ. ಆ ಒಂದು ಮಗೂನ ರಸ್ತೇಲಿ ಬಿಟ್ಟು ಹೋಗ್ತೀರಾ?”

“ನೀನು ಸುಮ್ನಿರು. ಇದು ಕರುಳಿನ ಪ್ರಶ್ನೆ ಅಲ್ಲ, ಗಣಿತ.”

ಹದಿನೈದು ಬಲೂನು ಇಬ್ಬರಿಗೆ ಹಂಚಿದಾಗ ತಲಾ ಏಳೂವರೆ ಬಂತು.

“ಅರ್ಧ ಬಲೂನು ಊದೋದು ಹೇಗಪ್ಪಾ?”

ನನ್ನ ತಾಳ್ಮೆಯ ಬಲೂನು ಒಡೆದದ್ದು ಅಲ್ಲಿಯೇ. ಮುಂದಿನದನ್ನೆಲ್ಲ ಅವಳು ಮರುಮಾತಿಲ್ಲದೆ ನಾನು ಹೇಳಿದಂತೆ ಬರೆದಳು. ಪರೀಕ್ಷೆಯಲ್ಲಿಯೂ ಹಾಗೆಯೇ ಬರೆದಳು. ಉತ್ತರಪತ್ರಿಕೆ ಕೆಂಪು ಶಾಯಿಯಲ್ಲಿ ಮಿಂದು ಮರಳಿತು. ಅಂಚಿನಲ್ಲಿ ಟೀಚರ ಒಕ್ಕಣೆ: ‘ಕಾಲು ವ್ಯಾನು ಎಲ್ಲಿ ಬಾಡಿಗೆಗೆ ಸಿಗುತ್ತದೆ? ಪೋಷಕರು ತಿಳಿಸುವುದು.’

ಷರತ್ತಿನಂತೆ ನಾನು ಮೌನವ್ರತ ಹಿಡಿಯಬೇಕಿತ್ತು. ಆದರೆ ಅದೇ ವಾರ ಹೆಂಡತಿ, ಏಳು ಕಿಟಕಿಗಳಿಗೆ ತಲಾ ಎರಡು ಮೀಟರಿನಂತೆ ಪರದೆಯ ಬಟ್ಟೆ ತರಲು ನನ್ನನ್ನು ಅಂಗಡಿಗೆ ಅಟ್ಟಿದಳು. ನನಗೆ ಹಿಡಿಸಿದ ನೀಲಿ ಬಟ್ಟೆ ಹದಿಮೂರೇ ಮೀಟರು ಉಳಿದಿತ್ತು. ಹದಿಮೂರನ್ನು ಎರಡರಿಂದ ಭಾಗಿಸಿದರೆ ಆರೂವರೆ. ನಾನೇನು ಪಾಠ ಕಲಿಯದ ಮೂಢನೇ? ಮೂರೂಕಾಲು ವ್ಯಾನು ನಾಲ್ಕಾಗುವುದಾದರೆ ಆರೂವರೆ ಪರದೆ ಏಳಾಗಲೇಬೇಕಲ್ಲ! ಸಗರ್ವನಾಗಿ ಕಟ್ಟಿಸಿಕೊಂಡು ಬಂದೆ.

ಹೆಂಡತಿ ಅಳೆದಳು. ನನ್ನ ಸಿದ್ಧಾಂತವನ್ನು ಪೂರ್ತಿ ಆಲಿಸಿದಳು. ಜಗಳವಾಡಲಿಲ್ಲ. (ಅನುಭವಿ ಗಂಡಂದಿರು ಇಲ್ಲಿಯೇ ನಡುಗುತ್ತಾರೆ.)

“ಆಯ್ತು ರೀ, ನಿಮ್ಮ ಲೆಕ್ಕದಂತೇ ಹೊಲೀತೀನಿ,” ಎಂದಳು.

ಭಾನುವಾರ ಸಂಜೆ ಏಳೂ ಕಿಟಕಿಗಳಿಗೆ ಪರದೆ ಬಿತ್ತು. ಏಳನೆಯದು, ನಾನು ಬಟ್ಟೆ ಬದಲಿಸುವ ಕೋಣೆಯದು, ಕಿಟಕಿಯ ನಡುಮಟ್ಟಕ್ಕೆ ಬಂದು ನಿಂತುಬಿಟ್ಟಿತ್ತು.

“ಇದೇನೇ ಇದು?”

“ನೀವೇ ಹೇಳಿದ್ರಲ್ಲ, ಏಳು ಅಂತ. ಎಣಿಸ್ಕೊಳ್ಳಿ.”

ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಡುವ ಗಡಿಬಿಡಿ. ಮುಖದೆದುರು ನೀಲಿ ಪರದೆ ಇದ್ದುದರಿಂದ ನನಗೆ ಲೋಕ ಕಾಣಿಸುತ್ತಿರಲಿಲ್ಲ. ಲೋಕಕ್ಕೂ ನಾನು ಕಾಣಿಸುತ್ತಿಲ್ಲವೆಂದೇ ನಂಬಿದೆ. ಪ್ಯಾಂಟಿಗೆ ಕಾಲು ತೂರಿಸಲು ಬಗ್ಗಿದಾಗಲಷ್ಟೇ ಸತ್ಯದರ್ಶನವಾಯಿತು: ಎದುರಿನ ಬಸ್ ನಿಲ್ದಾಣದಲ್ಲಿ ಶಾಲೆಯ ಬಸ್ಸಿಗೆ ಕಾಯುತ್ತಿದ್ದ ಮಕ್ಕಳ ಸಾಲು, ಸಾಲಿನ ತುದಿಯಲ್ಲಿ ಗಣಿತದ ಟೀಚರು.

ಸಂಜೆ ಮಗಳು ಕುಣಿಯುತ್ತಾ ಬಂದಳು.

“ಅಪ್ಪಾ, ಇವತ್ತು ಟೀಚರಿಗೆ ನಮ್ಮನೆ ಬಟ್ಟೆ ಲೆಕ್ಕ ಹೇಳ್ದೆ. ಅದನ್ನೇ ಬೋರ್ಡ್ ಮೇಲೆ ಹಾಕಿದ್ರು! ಹದಿಮೂರು ಮೀಟರು, ಕಿಟಕಿಗೆ ಎರಡು.”

“ನೀನೇನಂದೆ?”

“ನಾನು ಬಾಯಿ ತೆಗೆಯೋಕೆ ಮುಂಚೆ ಬಸ್ಸಲ್ಲಿ ಬರೋರೆಲ್ಲಾ ಒಟ್ಟಿಗೆ ಕೂಗಿದ್ರು: ‘ಪರದೆ ಆರು, ಶೇಷ ಅಂಕಲ್!’”

“ಟೀಚರು ಬೈದ್ರು ತಾನೇ?”

“ಇಲ್ಲಪ್ಪ. ಸರಿ ಅಂತ ಟಿಕ್ ಹಾಕಿದ್ರು.”