ಹನ್ನೆರಡನೇ ತುಂಡು

ಮರ್ವ್: ನೀನು ಬೇಕುಬೇಕಂತಲೇ ಮಾಡಿದೀಯ, ನೋರೀನ್. ನಮ್ಮೊಳಗೆ ಜಗಳ ಹಚ್ಚೋಕೆ.

ನೋರೀನ್: ಜಗಳ ಆಡೋಕೆ ನಾನು ಬೇರೆ ಹಚ್ಚಬೇಕಾ ನಿಮಗೆ? ಎಲ್ಲಿ ತಪ್ಪಿದೆ ತೋರಿಸು. ಒಂದು ತುಂಡು ದಪ್ಪ, ಒಂದು ತುಂಡು ಸಣ್ಣ ಇದೆಯಾ?

ಮರ್ವ್: ಇಲ್ಲ.

ನೋರೀನ್: ಸೊಟ್ಟಗಿದೆಯಾ?

ಮರ್ವ್: ಇಲ್ಲ.

ನೋರೀನ್: ಸೀದುಹೋಗಿದೆಯಾ?

ಮರ್ವ್: ಏನೂ ಆಗಿಲ್ಲ ಮಾರಾಯ್ತಿ! ಎಲ್ಲ ಸರಿಯಾಗಿದೆ! ಅದೇ ತೊಂದರೆ!

ಮರ್ವ್ ನಮ್ಮ ಶೆಡ್ಡಿನ ಯೂನಿಯನ್ ಪ್ರತಿನಿಧಿ, ನೋರೀನ್ ಅಡುಗೆಯವಳು. ಬರ್ಕ್ ಊರಿನಾಚೆಯ ಆ ತಗಡಿನ ಶೆಡ್ಡಿನಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಹನ್ನೊಂದು ಗಂಡಸರು ನಾವು. ಬೆವರು, ಕುರಿಯ ಜಿಡ್ಡು ಮೆತ್ತಿದ ಮೈಯಲ್ಲೇ ಚಹಾದ ಬಿಡುವಿಗೆ ಬಂದು ಉದ್ದನೆ ಮೇಜಿನ ಸುತ್ತ ಕೂತಿದ್ದೆವು. ನಡುವೆ ಟ್ರೇ ತುಂಬ ಖರ್ಜೂರದ ಸ್ಲೈಸು: ಮೇಲೊಂದು ಕೆಳಗೊಂದು ಹಿಟ್ಟಿನ ಪದರ, ಒಳಗೆ ಬೆಂದ ಖರ್ಜೂರ. ವಿವಾದ ಮುಗಿಯುವ ತನಕ ಯಾರೂ ಕೈ ಹಾಕಕೂಡದು ಅಂತ ಮರ್ವ್ ಅಪ್ಪಣೆ ಕೊಟ್ಟಿದ್ದ. ಚಹಾ ಆರುತ್ತಿತ್ತು. ನೊಣಗಳು ಮಾತ್ರ ಅಪ್ಪಣೆ ಪಾಲಿಸಲಿಲ್ಲ.

ಮರ್ವ್: ಎಣಿಸು. ಹನ್ನೆರಡು ಇದೆ. ನಾವು ಹನ್ನೊಂದು ಜನ.

ನೋರೀನ್: ಜಾಸ್ತಿ ಇದ್ರೂ ನಿಮಗೆ ಹೊಟ್ಟೆನೋವಾ?

ಮರ್ವ್: ಆ ಜಾಸ್ತಿದು ಯಾರಿಗೆ? ಅದನ್ನ ಹೇಳು.

ಲಾಕಿ: ಅದರಲ್ಲೇನು ಕೇಳೋದು, ನನಗೆ. ದಿನಾ ಎಲ್ಲರಿಗಿಂತ ಹೆಚ್ಚು ಕುರಿ ಬೋಳಿಸೋನು ಯಾರು? ನಾನು.

ಮರ್ವ್: ಅದಕ್ಕೇ ನಿನಗೆ ಕೂಲಿ ಹೆಚ್ಚು. ಸ್ಲೈಸು ಕೂಲಿ ಅಲ್ಲ ಲಾಕಿ, ಸ್ಲೈಸು ಹಕ್ಕು.

ಲಾಕಿ: ನಿನ್ನೆ ಹೆಚ್ಚಾಗಿದ್ದು ಎಲ್ಲಿಗೆ ಹೋಯ್ತು?

ಮರ್ವ್: ಅದು... ಒಕ್ಕೂಟದ ಪರವಾಗಿ ನನ್ನ ವಶದಲ್ಲಿ ಇಟ್ಕೊಂಡೆ.

ಲಾಕಿ: ವಶದಲ್ಲಿ! ಗಡ್ಡದ ತುಂಬ ಖರ್ಜೂರ ಅಂಟಿತ್ತಲ್ಲಯ್ಯಾ!

ಈ ರಾದ್ಧಾಂತಕ್ಕೆಲ್ಲ ಮೂಲ ಮರ್ವ್‌ನೇ. ಮೊದಲೆಲ್ಲ ನೋರೀನ್ ಚಾಕುವಿನಲ್ಲಿ ಕೊಯ್ಯುತ್ತಿದ್ದಳು. ಒಬ್ಬನಿಗೆ ಇಟ್ಟಿಗೆಯಷ್ಟು, ಇನ್ನೊಬ್ಬನಿಗೆ ಅಂಚೆಚೀಟಿಯಷ್ಟು. ಮರ್ವ್ ಸಭೆ ಕರೆದು ಗೊತ್ತುವಳಿ ಮಾಡಿಸಿದ: ಎಲ್ಲರಿಗೂ ಸಮ ತುಂಡು ಬೀಳಬೇಕು, ಇಲ್ಲದಿದ್ದರೆ ಶುಕ್ರವಾರದ ಟಪಾಲು ಲಾರಿಯಲ್ಲಿ ಅಡುಗೆಯವಳು ಗಂಟುಮೂಟೆ ಕಟ್ಟಬೇಕು. ಅಡುಗೆಯವರನ್ನು ಮತ ಹಾಕಿ ಓಡಿಸುವುದು ಶೆಡ್ಡುಗಳಲ್ಲಿ ಹಳೇ ರೂಢಿ. ನೋರೀನಳಿಗೆ ಬೇರೆ ನೆಲೆ ಇರಲಿಲ್ಲ. ಪೇಟೆಯಿಂದ ಚಕ್ರದ ಕಟರ್ ತರಿಸಿದಳು. ಮಡಚುವ ಗೇಟಿನ ಹಾಗೆ ಹೆಣೆದ ಉಕ್ಕಿನ ಪಟ್ಟಿಗಳು, ಅದಕ್ಕೆ ಐದು ಪುಟ್ಟ ಚಕ್ರ. ಎಳೆದರೆ ಅಗಲ, ದಬ್ಬಿದರೆ ಕಿರಿದು. ತಿರುಪು ಬಿಗಿದು ಉರುಳಿಸಿದರೆ ಗೆರೆ ಎಳೆದಷ್ಟು ನೇರ. ಬೇಯುವ ಮುಂಚೆ ಒಮ್ಮೆ, ಬೆಂದ ಮೇಲೆ ಅದೇ ಗೆರೆಯ ಮೇಲೆ ಇನ್ನೊಮ್ಮೆ.

ಮರ್ವ್: ಆ ಯಂತ್ರದಲ್ಲಿ ಹನ್ನೊಂದು ಮಾಡೋಕೆ ಬರಲ್ವಾ?

ನೋರೀನ್: ಉದ್ದಕ್ಕೆ ನಾಲ್ಕು ಸಾಲು, ಅಡ್ಡಕ್ಕೆ ಮೂರು. ಗುಣಿಸ್ಕೋ. ಹನ್ನೊಂದು ಬೇಕಂದ್ರೆ ಪಟ್ಟಿ ಪಟ್ಟಿ ಮಾಡಬೇಕು. ಮೊನ್ನೆ ಮಾಡಿದ್ನಲ್ಲ, ಏನಂದೆ ನೀನು?

ಲಾಕಿ: "ಇದೇನು ಸ್ಲೈಸಾ, ಬೂಟಿನ ಲಾಡಿಯಾ" ಅಂದ.

ಮರ್ವ್: ನೀನು ಸುಮ್ನಿರೋ. ನೋರೀನ್, ಹನ್ನೆರಡನೇದನ್ನ ಹನ್ನೊಂದು ಚೂರು ಮಾಡು.

ನೋರೀನ್ ಕಟರನ್ನು ಪೂರ್ತಿ ದಬ್ಬಿ ಅವನ ಮೂಗಿನ ಮುಂದೆ ಹಿಡಿದಳು. ಪಟ್ಟಿಗೆ ಪಟ್ಟಿ ತಾಗಿ ಕಿರ್ರೆಂದಿತು. ಚಕ್ರಗಳ ನಡುವೆ ಇನ್ನೂ ಒಂದು ಬೆರಳು ಜಾಗ ಉಳಿದಿತ್ತು.

ನೋರೀನ್: ಇದಕ್ಕಿಂತ ಹತ್ತಿರ ಬರಲ್ಲ. ನಿನಗೂ ಲಾಕಿಗೂ ಇದ್ದ ಹಾಗೆ.

ಲಾಕಿ: ಗಂಟೆ ಹೊಡೀತಾರೆ ಕಣ್ರೋ. ಯಾರಾದ್ರೂ ಏನಾದ್ರೂ ತೀರ್ಮಾನ ಮಾಡಿ.

ಮರ್ವ್: ತೀರ್ಮಾನ ಇಷ್ಟೇ. ಕಾರ್ಮಿಕರಲ್ಲಿ ಒಡಕು ತರೋ ಅಡುಗೆಯವಳು ನಮಗೆ ಬೇಡ. ಶುಕ್ರವಾರ ಲಾರಿ ಬರುತ್ತೆ.

ನೋರೀನ್ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಅಳುವ ಹೆಂಗಸಲ್ಲ ಅವಳು, ಅತ್ತು ಕರೆದು ಏನೂ ಗಿಟ್ಟುವುದಿಲ್ಲ ಅಂತ ಕಂಡವಳು.

ನೋರೀನ್: ಹೋಗ್ತೀನಿ. ಆದ್ರೆ ಈ ತುಂಡು ಯಾರದು ಅಂತ ಇತ್ಯರ್ಥ ಆಗ್ಲಿ ಮೊದಲು. ಒದ್ದೆ ಕುರಿಗೆ ಹಾಕ್ತೀರಲ್ಲ, ಹಾಗೆ ಹಾಕಿ ಮತ. ಯಾರು ಗೆಲ್ತಾರೋ ಅವರಿಗೆ ತುಂಡು. ಯಾರೂ ಗೆಲ್ಲದಿದ್ರೆ ನಿಮ್ಮ ನಿಯಮ ಏನು ಹೇಳುತ್ತೋ ಅದು. ಒಪ್ಪಿಗೆಯಾ?

ಮರ್ವ್: ಒಪ್ಪಿಗೆ. ಪ್ರಜಾಪ್ರಭುತ್ವ ಅಂದ್ರೆ ನಾನು ಯಾವತ್ತೂ ಹಿಂದೆ ಸರಿದೋನಲ್ಲ.

ಮಳೆ ಬಿದ್ದ ಮರುದಿನ ನಾವು ಗುಟ್ಟಾಗಿ ಚೀಟಿ ಬರೆದು ಟೋಪಿಗೆ ಹಾಕುತ್ತೇವೆ. ಕುರಿ ಕತ್ತರಿಸಲಾಗದಷ್ಟು ಒದ್ದೆ ಅಂತ ಹೆಚ್ಚು ಮತ ಬಿದ್ದರೆ ಕೆಲಸವಿಲ್ಲ. ಸಮ ಬಿದ್ದರೆ ಬಾಯಿ ಮುಚ್ಚಿಕೊಂಡು ಕತ್ತರಿ ಹಿಡಿಯಬೇಕು. ಈಗ ಸಿಗರೇಟು ಸುತ್ತುವ ಕಾಗದ ಹರಿದು ಹಂಚಿದ್ದಾಯಿತು. ಎಲ್ಲರೂ ಪರೀಕ್ಷೆಗೆ ಕೂತವರ ಹಾಗೆ ಅಂಗೈ ಅಡ್ಡ ಹಿಡಿದು ಬರೆದೆವು. ನೋರೀನ್ ಮರ್ವ್‌ನ ಟೋಪಿಯಿಂದ ಒಂದೊಂದೇ ತೆಗೆದು ಓದಿದಳು.

ನೋರೀನ್: ಲಾಕಿ, ಒಂದು. ಮರ್ವ್, ಒಂದು.

ಲಾಕಿ: ಮರ್ವ್‌ಗೆ ಯಾವ ಪುಣ್ಯಾತ್ಮ ಹಾಕಿದ್ದು?

ಮರ್ವ್: ಗುಟ್ಟಿನ ಮತದಾನ! ಕೇಳೋ ಹಾಗಿಲ್ಲ!

ಲಾಕಿ: ಆ ಕೋಳಿಕಾಲು ಅಕ್ಷರ ಇಲ್ಲಿಂದ್ಲೇ ಕಾಣುತ್ತಪ್ಪಾ.

ಅವಳು ಓದುತ್ತ ಹೋದಳು. ಹನ್ನೊಂದು ಚೀಟಿ, ಹನ್ನೊಂದು ಹೆಸರು, ಒಬ್ಬೊಬ್ಬರಿಗೆ ಒಂದೊಂದು ಮತ. ನಮ್ಮ ಒಗ್ಗಟ್ಟು ಅಂಥದ್ದು. ಎಲ್ಲರೂ ಚಹಾದ ಲೋಟದೊಳಗೆ ಏನೋ ಹುಡುಕತೊಡಗಿದೆವು.

ಮರ್ವ್: ಸಮ ಬಿತ್ತು. ಇನ್ನೊಂದ್ಸಲ ಹಾಕೋಣ.

ನೋರೀನ್: ತಡಿ, ಒಂದು ಮತ ಬಾಕಿ ಇದೆ.

ಅವಳೂ ಒಂದು ಚೂರು ಕಾಗದದ ಮೇಲೆ ಬರೆದು ಟೋಪಿಗೆ ಹಾಕಿ, ತಾನೇ ತೆಗೆದು ಓದಿದಳು.

ನೋರೀನ್: ನೋರೀನ್, ಒಂದು.

ಮರ್ವ್: ಏಯ್! ನೀನ್ಯಾಕೆ ಹಾಕ್ತೀಯ?

ನೋರೀನ್: ಈ ಶೆಡ್ಡಲ್ಲಿ ಕೆಲಸ ಮಾಡೋ ಹೊಟ್ಟೆ ಎಷ್ಟಿವೆ ಮರ್ವ್?

ಮರ್ವ್: ಹನ್ನೊಂದು.

ನೋರೀನ್: ಇದೇನು, ನೀರಿನ ತೊಟ್ಟಿಯಾ?

ತನ್ನ ಹೊಟ್ಟೆಯ ಮೇಲೆ ತಟ್ಟಿ ತೋರಿಸಿದಳು. ಸಮಾನತೆಗಾಗಿ ಮುಷ್ಕರದಲ್ಲಿ ಪೊಲೀಸರ ಕುದುರೆಯ ಕೆಳಗೆ ಬಿದ್ದು ಎದ್ದವನು ಮರ್ವ್. ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿದ.

ಮರ್ವ್: ನೀನು... ಅಡುಗೆಮನೇಲೇ ಏನೋ ತಿಂತೀಯ ಅಂದ್ಕೊಂಡಿದ್ದೆ.

ನೋರೀನ್: ತಿಂತಿದ್ದೆ. ಚಾಕು ಇದ್ದಾಗ ಸೊಟ್ಟಂಬಟ್ಟ ಉಳಿದ ಚೂರುಪಾರೇ ನನ್ನ ಪಾಲು. ನಿಮ್ಮ ಸಮಾನತೆಯ ಚಕ್ರ ಬಂದ ಮೇಲೆ ಒಂದು ಚೂರೂ ಉದುರಲ್ಲ. ಮೂರು ದಿನದಿಂದ ಬರೀ ಚಹಾ ಕುಡೀತಿದೀನಿ.

ಲಾಕಿ: ಅಲ್ಲಿಗೆ ಹನ್ನೆರಡು ಜನ, ಹನ್ನೆರಡು ತುಂಡು, ಒಬ್ಬೊಬ್ಬರಿಗೆ ಒಂದೊಂದು ಮತ. ಇಷ್ಟಕ್ಕಾ ನನ್ನ ಚಹಾ ಆರಿಸಿದ್ದು?

ನೋರೀನ್: ಈಗ ಹೇಳಪ್ಪ ಪ್ರತಿನಿಧಿ. ಮತ ಸಮ ಬಿದ್ರೆ ನಿಯಮ ಏನು?

ಮರ್ವ್: (ನೆಲ ನೋಡುತ್ತ) ಕೆಲಸಕ್ಕೆ.

ನೋರೀನ್: ಹಾಗಾದ್ರೆ ನೀವು ಕುರಿ ಹತ್ರ ಹೋಗಿ, ನಾನು ಒಲೆ ಹತ್ರ ಹೋಗ್ತೀನಿ. ಶುಕ್ರವಾರದ ಲಾರಿಗೆ ಟಪಾಲು ಹಾಕಿದ್ರೆ ಸಾಕು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಹನ್ನೊಂದು ಕೈ ಒಟ್ಟಿಗೇ ಟ್ರೇಗೆ ಬಿದ್ದವು. ನೋರೀನ್ ಎಲ್ಲರಿಗಿಂತ ಮೊದಲೇ ತನ್ನದನ್ನು ಎತ್ತಿಕೊಂಡು ಕರುಂ ಕರುಂ ಅಂತ ಅಗಿಯುತ್ತ ಅಡುಗೆಮನೆ ಕಡೆ ನಡೆದಿದ್ದಳು. ಆ ಸದ್ದಿಗೆ ಮರ್ವ್‌ನ ಕಿವಿ ನಿಮಿರಿತು. ತನ್ನ ಕೈಯಲ್ಲಿದ್ದ ಮೆತ್ತನೆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ.

ಮರ್ವ್: ಏಯ್ ನೋರೀನ್! ಅದು ಮೂಲೆ ತುಂಡು! ಗರಿಗರಿ ಇರೋದು! ಟ್ರೇಗೆ ಮೂಲೆ ನಾಲ್ಕೇ ಕಣೇ!

ನೋರೀನ್: (ತಿರುಗಿ ನೋಡದೆ) ಟೋಪಿ ಅಲ್ಲೇ ಇದೆ, ಮರ್ವ್.