ಸಿಂಹದ ಗದ್ದದ ಕೆಳಗಿನ ಗೆರೆ

ನಮ್ಮ ಕಾಕಾನಿಗೆ ಸರಿಯಾದ ವಸ್ತು ಕಂಡರೆ ಬೇಸರ. ಇದು ಚಾಡಿಯಲ್ಲ. ಭಾಲ್ಕಿ ಬಸ್ ಸ್ಟ್ಯಾಂಡಿನ ಹಿಂದಿರುವ ಅವರ ಕಿರಾಣಿ ಅಂಗಡಿಯಲ್ಲಿ ಸಾಮಾನು ಕೊಂಡ ಯಾರನ್ನಾದರೂ ಕೇಳಿ. ಅವರ ಕೈಗೆ ಕೊಟ್ಟ ನಾಣ್ಯ ನೇರವಾಗಿ ಗಲ್ಲಾಪೆಟ್ಟಿಗೆಗೆ ಹೋಗುವುದಿಲ್ಲ, ಮೊದಲು ತಪಾಸಣೆಗೆ ಹೋಗುತ್ತದೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಪುಟ್ಟ ಭೂತಗನ್ನಡಿ ಸದಾ ಅವರ ಅಂಗಿಯ ಜೇಬಿನಲ್ಲಿರುತ್ತದೆ. ಜೋಡಿಯಾಗಿ ಮೂಡಿದ ಅಕ್ಷರ, ನಡುವಿನಿಂದ ಜಾರಿದ ಅಚ್ಚು, ಅಂಚು ಕಚ್ಚಿಹೋದ ಬಿಲ್ಲೆ ಸಿಕ್ಕ ದಿನ ಕಾಕಾ ಊಟ ಮಾಡುವುದನ್ನು ಮರೆಯುತ್ತಾರೆ. ಸಿಗದ ದಿನ ಊಟ ಮಾಡಿದ್ದನ್ನು ಮರೆಯುತ್ತಾರೆ.

ಒಮ್ಮೆ ಮೆಹಕರದ ಹೆಣ್ಣುಮಗಳೊಬ್ಬಳು ಚಹಾಪುಡಿ ಕೊಂಡು ಐದು ರೂಪಾಯಿಯ ನಾಣ್ಯ ಕೊಟ್ಟಳು. ಕಾಕಾನ ಕಣ್ಣಿಗೆ ಗಾಜು ಏರಿತು.

"ಯಾಕ್ರಿ ಕಾಕಾ, ನಂದು ಖೋಟಾ ಅದ ಏನ್ರಿ?" ಆಕೆ ಹೆದರಿದಳು.

"ಖೋಟಾ ಅಲ್ಲವ್ವ, ಸರ್ಕಾರದ್ದೇ ಅದ. ಸಿಂಹದ ಗದ್ದದ ಕೆಳಗ ಒಂದು ಗೆರಿ ಮೂಡ್ಯದ. ಅಚ್ಚು ಸೀಳಿದ್ರ ಹಿಂಗ ಆಗ್ತದ. ತಡಿ, ಇನ್ನೊಂದರ ಬಾಜೂಕ ಇಟ್ಟು ನೋಡ್ತೇನಿ."

ಇಟ್ಟು ನೋಡುವಷ್ಟರಲ್ಲಿ ಮೆಹಕರದ ಬಸ್ಸು ಹೊರಟುಹೋಯಿತು. ಮುಂದಿನ ಬಸ್ಸಿನವರೆಗೆ ಆಕೆಗೆ ಕೂರಲು ಅಕ್ಕಿಯ ಮೂಟೆ, ಕುಡಿಯಲು ಕಾಕು ಮಾಡಿಕೊಟ್ಟ ಚಹಾ. ಕಾಕು ಎಂದರೆ ಕಾಕಾನ ಹೆಂಡತಿ. ಕಾಕಾ ತಪ್ಪಿಸಿದ ಬಸ್ಸುಗಳಿಗೆಲ್ಲ ಚಹಾ ಕುಡಿಸುವ ಕೆಲಸ ಅವರದು.

"ತಪ್ಪು ಹುಡುಕೋದು ಒಂದು ವಿದ್ಯಾ ಏನ್ರಿ ಕಾಕಾ?" ಎಂದು ನಾನು ಕೆಣಕಿದ್ದೆ.

"ಸರಿ ಇದ್ದದ್ದು ಹ್ಯಾಂಗ ಇರ್ತದ ಅಂತ ಮೊದಲ ಬಾಯಿಪಾಠ ಆಗಬೇಕಪ್ಪ. ಆಮ್ಯಾಲ ತಪ್ಪು ತಾನೇ ಕಾಣ್ತದ," ಎಂದಿದ್ದರು, ಮಠದ ಸ್ವಾಮಿಗಳಷ್ಟು ಗಂಭೀರವಾಗಿ.

ಕಾಕುವಿನದು ಒಂದೇ ದೂರು. "ಮೂವತ್ತೆಂಟು ವರ್ಷ ಸಂಸಾರ ಮಾಡೇನಿ. ಸಿಂಹದ ಗದ್ದ ನೋಡ್ಯಾರ, ನನ್ನ ಮಾರಿ ಒಂದಿನ ನೋಡಿಲ್ಲ." ನಾವೆಲ್ಲ ನಗುತ್ತಿದ್ದೆವು. ಕಾಕು ಮಾತ್ರ ನಗುತ್ತಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಎಲ್ಲ ಕೆಟ್ಟದ್ದು ಕಮಠಾಣದ ಒಂದು ಮದುವೆಯಲ್ಲಿ. ಆಯೇರಿ, ಅಂದರೆ ಮುಯ್ಯಿ, ಕೊಡುವ ಲಕೋಟೆಗಳ ಮೇಲೆ ಈಗ ಒಂದೊಂದು ರೂಪಾಯಿ ಅಂಟಿಸಿರುತ್ತಾರಲ್ಲ, ಕಾಕಾನಿಗೆ ಅದಕ್ಕಿಂತ ದೊಡ್ಡ ಔತಣ ಬೇಕೆ? ಊಟದ ಪಂಕ್ತಿ ಬಿಟ್ಟು ವೇದಿಕೆಯ ಹಿಂದೆ ಕೂತರು. ಉಗುರಿನಿಂದ ರೂಪಾಯಿ ಕೆತ್ತುವುದು, ಗಾಜಿನಲ್ಲಿ ನೋಡುವುದು, ಬೇಕೆನಿಸಿದರೆ ಇಟ್ಟುಕೊಂಡು ತಮ್ಮ ಜೇಬಿನ ರೂಪಾಯಿಯನ್ನು ಅಲ್ಲಿ ಅಂಟಿಸುವುದು. ಲೆಕ್ಕಕ್ಕೆ ಒಂದು ಪೈಸೆಯ ಮೋಸವಿಲ್ಲ. ಆದರೆ ಲಕೋಟೆ ಕೆರೆಯುವ ಮುದುಕನನ್ನು ಕಂಡ ಹೆಣ್ಣಿನ ಕಡೆಯವರು ಏನೆಂದುಕೊಳ್ಳಬೇಕು? ಅವರು ಅಂದುಕೊಂಡಿದ್ದನ್ನು ನಾಲ್ಕು ಜನರ ಮುಂದೆ ಜೋರಾಗಿಯೇ ಅಂದರು. ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದ ಕಾಕು ಅದನ್ನೆಲ್ಲ ನಿಂತು ಕೇಳಿದರು. ಅಲ್ಲಿಂದ ಭಾಲ್ಕಿಗೆ ಬರಲಿಲ್ಲ, ನೇರವಾಗಿ ಔರಾದ ಕಡೆಯ ಚಿಂತಾಕಿಗೆ, ತಮ್ಮನ ಮನೆಗೆ ಹೋಗಿಬಿಟ್ಟರು. ಇನ್ನು ಬರುವುದಿಲ್ಲ ಎಂದು ಹೇಳಿಕಳಿಸಿದರು.

ಹದಿನೈದು ದಿನ ಕಾಕಾ ಜೇಬಿನಿಂದ ಗಾಜು ತೆಗೆಯಲಿಲ್ಲ. ಆಮೇಲೆ ಒಂದು ಮುಂಜಾನೆ, "ಬಾರಪ್ಪ, ಹೋಗಿ ಕರಕೊಂಡು ಬರೋಣು. ಒಬ್ಬಾಂವಗ ಧೈರ್ಯ ಆಗವಲ್ದು," ಎಂದರು.

ಚಿಂತಾಕಿಯಲ್ಲಿ ಕಾಕು ಅಂಗಳದ ಮಂಚದ ಮೇಲೆ ಕೂತಿದ್ದರು. ಕಾಕಾನನ್ನು ಕಂಡು ಮುಖ ತಿರುಗಿಸಿದರು. ಕಾಕಾ ಎದುರಿಗೆ ನೆಲದ ಮೇಲೆ ಕೂತು ದಿಟ್ಟಿಸಿದರು. ನಿಧಾನವಾಗಿ ಜೇಬಿಗೆ ಕೈ ಹಾಕಿ ಗಾಜು ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

"ಎಡಗಡಿ ತುಟಿ ತುದಿ ಕೂದಲೆಳಿಯಷ್ಟು ಇಳದದ," ಎಂದರು ಕಾಕಾ. "ಮುಂಜಾನಿಂದ ಹಿಂಗೇ ಅದ ಏನು?"

"ಸಿಟ್ಟಿಗೆದ್ದಾಳ್ರಿ ಮಾವಾರ, ಮತ್ತೇನಿಲ್ಲ," ಎಂದ ಕಾಕುವಿನ ತಮ್ಮ.

"ಆಕಿ ಸಿಟ್ಟು ನನಗ ಗೊತ್ತದಪ್ಪ. ಸಿಟ್ಟು ಬಂದ್ರ ಬಲಗಡಿ ಏರ್ತದ. ಎಡಗಡಿ ಇಳಿಯಂಗಿಲ್ಲ. ಗಾಡಿ ತಗಿ."

ಕಾಕು ಏನೋ ಬೈಯಲು ಹೋದರು. ಮಾತು ತೊದಲಿತು. ಆಗ ನಮ್ಮೆಲ್ಲರ ನಗೆ ನಿಂತಿತು.

ತಮ್ಮನ ಜೀಪು ಔರಾದ ದಾಟಿ ಬೀದರಿನ ಆಸ್ಪತ್ರೆ ಮುಟ್ಟುವವರೆಗೂ ಕಾಕಾ ಆ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಲಕ್ವಾ ಹೊಡೆಯುವ ಮುನ್ಸೂಚನೆ, ಹೊತ್ತು ಮೀರುವ ಮೊದಲೇ ತಂದಿದ್ದೀರಿ ಎಂದರು ಡಾಕ್ಟರು. ಮೂರನೆಯ ದಿನ ಕಾಕುವಿನ ಮಾತು ಸುಧಾರಿಸಿತು. ತಪಾಸಣೆಗೆ ಬಂದ ಡಾಕ್ಟರು, ಇಷ್ಟು ಸಣ್ಣ ವ್ಯತ್ಯಾಸವನ್ನು ಮನೆಯಲ್ಲಿ ಯಾರು ಕಂಡುಹಿಡಿದಿರಿ ಎಂದು ಕೇಳಿದರು.

ಕಾಕಾ ತಪ್ಪು ಮಾಡಿದವರಂತೆ ಎದ್ದು ನಿಂತರು. "ನಾನ್ರಿ. ದಿನಾ ನೋಡೋ ಮಾರಿ ಅಲ್ಲೇನ್ರಿ?"

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಈ ಮನುಷ್ಯನನ್ನು ಕಂಡು ನಗುತ್ತಲೇ ಇದ್ದೆನಲ್ಲ. ಕಾಕು ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಅಲುಗುತ್ತಿತ್ತು. ಡಾಕ್ಟರು ಹೋದ ಮೇಲೆ ಕಾಕಾ ತಮ್ಮ ಸ್ಟೂಲು ಎತ್ತಿಕೊಂಡು ಮಂಚಕ್ಕೂ ಗೋಡೆಗೂ ನಡುವಿದ್ದ ಒಂದು ಗೇಣು ಜಾಗದಲ್ಲಿ ಕಷ್ಟಪಟ್ಟು ತೂರಿಕೊಂಡು ಕೂತರು.

"ಅಳಬ್ಯಾಡ," ಎಂದರು. "ಅತ್ರ ತುಟಿ ಸರಿ ಕಾಣಂಗಿಲ್ಲ ನನಗ."